ಅಂಗೈಯ ಗುಂಡಿಗಳು

ಯಂತ್ರವು ಮನುಷ್ಯನ ಸೇವೆಗಾಗಿ ಹುಟ್ಟಿದುದು. ಆದರೆ ಸೇವಕನಾಗಿ ಮನೆಗೆ ಬಂದ ಯಂತ್ರವು ಮನೆಯವರನ್ನೇ ಕಾಯಿಸುವುದೂ ಹೆದರಿಸುವುದೂ ಉಂಟು. ಅದನ್ನು ಬಳಸಲಾರದವರು ತಮ್ಮ ಬುದ್ಧಿಯೇ ಮಂದವೆಂದು ನಾಚಿಕೊಳ್ಳುತ್ತಾರೆ. ತಪ್ಪು ಬಳಸಿದವರದೋ, ಯಂತ್ರವನ್ನು ರೂಪಿಸಿದವರದೋ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಕೇಳುವುದಕ್ಕೆ ದೊಡ್ಡ ಕಾರ್ಖಾನೆಯ ಬಾಗಿಲಿಗೆ ಹೋಗಬೇಕಾಗಿಲ್ಲ. ನಡುಮನೆಯಲ್ಲಿ ಬಿದ್ದಿರುವ ಒಂದು ರಿಮೋಟ್ ಸಾಕು.

ಸೊರಬ ತಾಲ್ಲೂಕಿನ ಒಂದು ಹಳ್ಳಿಮನೆಯನ್ನು ಕಲ್ಪಿಸಿಕೊಂಡರೆ ವಿಷಯವು ಸ್ಪಷ್ಟವಾಗುತ್ತದೆ. ಮುಂದೆ ಅಂಗಳ, ಹಿಂದೆ ಅಡಕೆ ತೋಟ, ಅದರಾಚೆಗೆ ಕೆರೆ. ಮನೆಯಲ್ಲಿ ಎಪ್ಪತ್ತೈದು ದಾಟಿದ ಅಜ್ಜಿ. ಮಗ, ಸೊಸೆ ಹಗಲೆಲ್ಲ ಗದ್ದೆ ತೋಟಗಳಲ್ಲಿ. ಮೊಮ್ಮಗ ಶಿಕಾರಿಪುರದಲ್ಲಿದ್ದು ಕಂಪ್ಯೂಟರ್ ಕಲಿಯುತ್ತಾನೆ. ಭಾನುವಾರ ಮಾತ್ರ ಊರಿಗೆ ಬರುತ್ತಾನೆ. ಅಜ್ಜಿಗೆ ಬೇಸರವಾಗದಿರಲೆಂದು ಅವನು ನಡುಮನೆಯಲ್ಲಿ ದೊಡ್ಡದೊಂದು ಟಿ.ವಿ., ಧ್ವನಿವರ್ಧಕಗಳು, ಹಾಡು-ಯಕ್ಷಗಾನ-ಸಿನಿಮಾಗಳನ್ನು ತುಂಬಿದ ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಇವುಗಳನ್ನು ಜೋಡಿಸಿ ಹೋಮ್ ಥಿಯೇಟರ್ ಮಾಡಿಕೊಟ್ಟನು. ಯಂತ್ರಗಳು ಮೂರು, ರಿಮೋಟ್‌ಗಳೂ ಮೂರು. ಎಲ್ಲವನ್ನೂ ಕೂಡಿಸಿದರೆ ಗುಂಡಿಗಳು ನೂರರ ಸಮೀಪಕ್ಕೆ ಬಂದವು.

ಸೋಮವಾರ ಸಂಜೆ ಅಜ್ಜಿಯ ಬೆರಳು ಯಾವುದೋ ಗುಂಡಿಯ ಮೇಲೆ ಬಿದ್ದಿತು. ಪರದೆ ನೀಲಿಯಾಗಿ, ಇಂಗ್ಲಿಷಿನಲ್ಲಿ ಎರಡು ಪದಗಳು ಮೂಡಿದವು. ಕನ್ನಡವನ್ನು ಮಾತ್ರ ಓದಬಲ್ಲ ಆಕೆ, ಯಂತ್ರ ಸುಟ್ಟುಹೋಯಿತೆಂದೇ ಬಗೆದು ಗಾಬರಿಯಿಂದ ಗೋಡೆಯ ಸ್ವಿಚ್ಚನ್ನು ಆರಿಸಿದಳು. ಭಾನುವಾರದವರೆಗೆ ನಡುಮನೆಯಲ್ಲಿ ಸದ್ದಿಲ್ಲ. ಮೊಮ್ಮಗ ಬಂದು, "ಏನೂ ಕೆಟ್ಟಿಲ್ಲ ಅಜ್ಜಿ, ನೀನು ಬೇರೆ ಗುಂಡಿ ಒತ್ತಿದೀಯ ಅಷ್ಟೆ" ಎಂದು ನಗುತ್ತಾ ಕ್ಷಣಮಾತ್ರದಲ್ಲಿ ಸರಿಪಡಿಸಿದನು. ಮರುವಾರವೂ ಹಾಗೆಯೇ ಆಯಿತು. ಮೂರನೆಯ ವಾರ ಅಜ್ಜಿ ರಿಮೋಟ್‌ಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟುಬಿಟ್ಟಿದ್ದಳು. "ಬೇಡ ಮಗಾ, ನಂಗೆ ಹಳೇ ರೇಡಿಯೋನೇ ಸಾಕು. ಒಂದು ಹಾಡು ಕೇಳೋಕೂ ವಾರವೆಲ್ಲ ನಿನ್ನ ದಾರಿ ಕಾಯೋದು ಅಂದ್ರೆ ನಂಗೆ ಸರಿ ಬರಲ್ಲ" ಎಂದಳು.

ಆಕೆಯ ಮಾತಿನಲ್ಲಿ ಕೋಪವಿರಲಿಲ್ಲ, ನೋವಿತ್ತು. ಬದುಕೆಲ್ಲ ಯಾರ ಮುಂದೆಯೂ ಕೈಚಾಚದೆ ಮನೆ ನಡೆಸಿದವಳು ಈಗ ತನ್ನ ಮನೆಯಲ್ಲಿಯೇ ಪರಾಧೀನಳಾಗಿದ್ದಳು. ಮೊಮ್ಮಗನ ನಗು ಅಲ್ಲಿಗೆ ನಿಂತಿತು. ಅಜ್ಜಿಗೆ ರೇಡಿಯೋ ಒಲಿದುದೇಕೆ, ತಾನು ತಂದ ಯಂತ್ರ ಒಲಿಯದಿದ್ದುದೇಕೆ ಎಂದು ಅವನು ಯೋಚಿಸತೊಡಗಿದನು.

ಆಕಾಶವಾಣಿಯ ಭದ್ರಾವತಿ ಕೇಂದ್ರವು ಆರಂಭವಾದುದು 1965ರಲ್ಲಿ. ಆ ಕಾಲದ ರೇಡಿಯೋ ಪೆಟ್ಟಿಗೆಗೆ ಮುಖ್ಯವಾಗಿ ಎರಡು ತಿರುಪುಗಳು: ಒಂದು ಧ್ವನಿಗೆ, ಇನ್ನೊಂದು ಕೇಂದ್ರವನ್ನು ಹುಡುಕುವುದಕ್ಕೆ. ತಿರುಪು ತಿರುಗಿದಷ್ಟು ಮುಳ್ಳು ಸರಿಯುತ್ತಿತ್ತು. ಯಂತ್ರವು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಿಳಿಯುತ್ತಿತ್ತು. ತಪ್ಪಿದರೆ ಹಿಂದಕ್ಕೆ ತಿರುಗಿಸಿದರಾಯಿತು. ಕಲಿಸುವವರು ಯಾರೂ ಬೇಕಾಗಿರಲಿಲ್ಲ. ಸರಳವಾದ ಯಂತ್ರದ ಮೂರು ಗುಣಗಳೂ ಅದರಲ್ಲಿದ್ದವು: ಆಯ್ಕೆಗಳು ಕೆಲವೇ, ಸ್ಥಿತಿ ಸುಸ್ಪಷ್ಟ, ತಪ್ಪಿಗೆ ಪರಿಹಾರ ಸುಲಭ.

ರಿಮೋಟ್ ಕೂಡ ಹುಟ್ಟುವಾಗ ಸರಳವಾಗಿಯೇ ಇತ್ತು. 1950ರಲ್ಲಿ ಅಮೆರಿಕದ ಜೆನಿತ್ ಸಂಸ್ಥೆಯು ಟಿ.ವಿ.ಗೆ ಉದ್ದನೆಯ ತಂತಿಯಿಂದ ಜೋಡಿಸಿದ ನಿಯಂತ್ರಕವನ್ನು ಹೊರತಂದಿತು. ಆ ತಂತಿಗೆ ಕಾಲು ತಗುಲಿ ಜನ ಮುಗ್ಗರಿಸುತ್ತಿದ್ದರು. 1955ರಲ್ಲಿ ಅದೇ ಸಂಸ್ಥೆಯ ಯೂಜೀನ್ ಪಾಲಿ ಎಂಬ ಎಂಜಿನಿಯರ್ ಬೆಳಕಿನ ಕಿರಣದಿಂದ ನಡೆಯುವ ನಿಯಂತ್ರಕವನ್ನು ರಚಿಸಿದನು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿದ್ದವು. ಬಿಸಿಲು ಬಿದ್ದರೂ ಅವು ಎಚ್ಚರಗೊಂಡು ಟಿ.ವಿ. ತನಗೆ ತಾನೇ ಬದಲಾಗುತ್ತಿತ್ತು. 1956ರಲ್ಲಿ ರಾಬರ್ಟ್ ಆಡ್ಲರ್ ಈ ದೋಷಕ್ಕೆ ಪರಿಹಾರ ಕಂಡನು. ಗುಂಡಿಯನ್ನು ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಂ ಕಡ್ಡಿಯನ್ನು ಬಡಿಯುತ್ತಿತ್ತು. ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿ ಹೊಮ್ಮಿ ಟಿ.ವಿ.ಯನ್ನು ಮುಟ್ಟುತ್ತಿತ್ತು. ಅದಕ್ಕೆ ಬ್ಯಾಟರಿಯೂ ಬೇಕಾಗಿರಲಿಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಕಡ್ಡಿ ಬೇಕಾದುದರಿಂದ ಗುಂಡಿಗಳ ಸಂಖ್ಯೆ ತಾನಾಗಿಯೇ ಮಿತಿಯಲ್ಲಿತ್ತು.

ಮುಂದೆ ಅತಿಗೆಂಪು ಕಿರಣದ ರಿಮೋಟ್ ಬಂದಿತು. ಇದರಲ್ಲಿ ಪ್ರತಿ ಗುಂಡಿಗೂ ಒಂದು ಸಂಕೇತ ಸಂಖ್ಯೆ. ಗುಂಡಿಯನ್ನು ಒತ್ತಿದಾಗ, ಸೆಕೆಂಡಿಗೆ ಸಾಮಾನ್ಯವಾಗಿ 38,000 ಸಲದಷ್ಟು ವೇಗದಲ್ಲಿ ಮಿನುಗುವ ಅದೃಶ್ಯವಾದ ಬೆಳಕು ಆ ಸಂಖ್ಯೆಯನ್ನು ಹೊತ್ತೊಯ್ಯುತ್ತದೆ. ಹೊಸ ಗುಂಡಿಯೆಂದರೆ ಹೊಸದೊಂದು ಸಂಖ್ಯೆ ಮಾತ್ರ; ಕಡ್ಡಿ ಬೇಡ, ಸುತ್ತಿಗೆ ಬೇಡ. ಗುಂಡಿಯನ್ನು ಸೇರಿಸುವುದಕ್ಕೆ ವೆಚ್ಚವೇ ಇಲ್ಲವೆಂದಾದ ಮೇಲೆ ಸೇರಿಸುವವರ ಕೈಗೆ ತಡೆಯೂ ಇಲ್ಲವಾಯಿತು. ಆ ವೆಚ್ಚವನ್ನು ತೆತ್ತವರು ಬಳಸುವವರು.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕಂಪ್ಯೂಟರ್ ಟಿ.ವಿ.ಯ ಮಗ್ಗುಲಿಗೆ ಬಂದು ಕುಳಿತಿತು. 2002ರಲ್ಲಿ ಮಿಥ್‌ಟಿವಿ ಎಂಬ ತಂತ್ರಾಂಶ ಆರಂಭವಾಯಿತು. ಅದೇ ವರ್ಷ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆಯತೊಡಗಿದ ಮತ್ತೊಂದು ತಂತ್ರಾಂಶವು ಬೆಳೆದು, 2014ರಲ್ಲಿ ಕೋಡಿ ಎಂಬ ಹೆಸರನ್ನು ಪಡೆಯಿತು. ಇಂಥ ತಂತ್ರಾಂಶಗಳಲ್ಲಿ ಕೆಲಸಗಳು ರಿಮೋಟಿನ ಗುಂಡಿಗಳಿಂದ ಪರದೆಯ ಮೇಲಿನ ಆಯ್ಕೆಪಟ್ಟಿಗೆ ಸರಿದವು. ಈ ಪಟ್ಟಿಗೆ ಮೆನು ಎಂದು ಹೆಸರು. ಬಾಣದ ಗುರುತಿನ ಗುಂಡಿಗಳಿಂದ ಪಟ್ಟಿಯಲ್ಲಿ ಸರಿದಾಡಿ, ನಡುವಿನ ಗುಂಡಿಯಿಂದ ಬೇಕಾದುದನ್ನು ಆರಿಸಿದರಾಯಿತು. 2005ರಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಕಂಪ್ಯೂಟರಿನೊಡನೆ ಕೊಟ್ಟ ರಿಮೋಟಿನಲ್ಲಿ ಇದ್ದವು ಆರೇ ಗುಂಡಿಗಳು.

ಇಷ್ಟರಿಂದ ಸಮಸ್ಯೆ ಬಗೆಹರಿಯಿತೆಂದು ತಿಳಿಯಬಾರದು. ಕೈಯಲ್ಲಿದ್ದ ಗೊಂದಲವು ಪರದೆಗೆ ಏರಿ ಕುಳಿತುಕೊಳ್ಳಬಹುದು. ಕಂಪ್ಯೂಟರನ್ನು ಬಳಸುವವನು ಮೊಳದಳತೆಯಲ್ಲಿ ಕುಳಿತಿರುತ್ತಾನೆ, ಟಿ.ವಿ. ನೋಡುವವನು ಹತ್ತು ಅಡಿ ದೂರದಲ್ಲಿ ಕುಳಿತಿರುತ್ತಾನೆ. ಮೇಜಿನ ಮೇಲೆ ಓದಬಹುದಾದ ಅಕ್ಷರ ಅಲ್ಲಿಂದ ಇರುವೆಯಂತೆ ಕಾಣುತ್ತದೆ. ಕನ್ನಡ ಲಿಪಿಗಂತೂ ಈ ಎಚ್ಚರ ಇನ್ನೂ ಅಗತ್ಯ. ಕನ್ನಡದಲ್ಲಿ ಗುಡಿಸು ಮೇಲಕ್ಕೇರುತ್ತದೆ, ಒತ್ತಕ್ಷರ ಕೆಳಕ್ಕಿಳಿಯುತ್ತದೆ. ಸಾಲುಗಳ ನಡುವೆ ಸಾಕಷ್ಟು ಸ್ಥಳ ಬಿಡದಿದ್ದರೆ ಒತ್ತಕ್ಷರ ಕತ್ತರಿಸಿಹೋಗಿ ಪದವೇ ಬೇರೆಯಾದೀತು.

ಆಯ್ಕೆಗಳು ಹೆಚ್ಚಿದಂತೆ ಮನಸ್ಸಿಗೆ ಹೊರೆಯಾಗುತ್ತದೆಂಬುದು ಬರಿಯ ಅನುಭವದ ಮಾತಲ್ಲ. 1952ರಲ್ಲಿ ಇಂಗ್ಲೆಂಡಿನ ವಿಲಿಯಂ ಹಿಕ್, ಮರುವರ್ಷ ಅಮೆರಿಕದ ರೇ ಹೈಮನ್ ಪ್ರಯೋಗಗಳನ್ನು ನಡೆಸಿ, ಆಯ್ಕೆಗಳ ಸಂಖ್ಯೆ ಬೆಳೆದಂತೆ ನಿರ್ಧಾರಕ್ಕೆ ಬೇಕಾಗುವ ಕಾಲವೂ ಒಂದು ಕ್ರಮದಲ್ಲಿ ಬೆಳೆಯುತ್ತದೆಂದು ತೋರಿಸಿದರು. 1954ರಲ್ಲಿ ಪಾಲ್ ಫಿಟ್ಸ್, ಗುರಿಯು ಚಿಕ್ಕದಾದಷ್ಟೂ ದೂರವಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಕಾಲ ಹಿಡಿಯುತ್ತದೆಂದು ಅಳತೆಮಾಡಿ ಹೇಳಿದನು. ನಡುಗುವ ಬೆರಳಿಗೆ ಸಾಸಿವೆಗಾತ್ರದ ಗುಂಡಿಗಳನ್ನು ಒತ್ತೊತ್ತಾಗಿ ಜೋಡಿಸಿಕೊಡುವವರು ಈ ನಿಯಮವನ್ನು ಮರೆತವರೇ ಸರಿ.

ಹಾಗಾದರೆ ಪಟ್ಟಿಯು ಹೇಗಿರಬೇಕು? ಚಿಕ್ಕ ಲೆಕ್ಕವೊಂದು ಇದನ್ನು ತಿಳಿಸುತ್ತದೆ. ಪೆಟ್ಟಿಗೆಯಲ್ಲಿ 64 ಹಾಡುಗಳಿವೆಯೆಂದು ಭಾವಿಸಿದರೆ, ಒಂದೇ ಉದ್ದದ ಪಟ್ಟಿಯಲ್ಲಿ ಕೊನೆಯ ಹಾಡನ್ನು ಮುಟ್ಟಲು 63 ಸಲ ಕೆಳಕ್ಕೆ ಸರಿದು ಒಮ್ಮೆ ಆರಿಸಬೇಕು. ಒಟ್ಟು 64 ಒತ್ತುಗಳು. ಎಂಟು ಗುಂಪು, ಗುಂಪಿಗೆ ಎಂಟು ಹಾಡು ಎಂದು ವಿಂಗಡಿಸಿದರೆ, ಹೆಚ್ಚೆಂದರೆ ಏಳು ಸಲ ಸರಿದು ಗುಂಪನ್ನು ಆರಿಸಿ, ಮತ್ತೆ ಏಳು ಸಲ ಸರಿದು ಹಾಡನ್ನು ಆರಿಸಬೇಕು, ಒಟ್ಟು 16. ಎರಡೆರಡಾಗಿ ಒಡೆಯುತ್ತ ಹೋದರೆ ಆರು ಮೆಟ್ಟಿಲುಗಳಾಗುತ್ತವೆ. ಒತ್ತುಗಳು 12ಕ್ಕೆ ಇಳಿಯುತ್ತವೆ. ಲೆಕ್ಕದ ದೃಷ್ಟಿಯಿಂದ ಮೂರನೆಯ ದಾರಿಯೇ ಶ್ರೇಷ್ಠ. ಆದರೆ ಮನಸ್ಸು ಬರಿಯ ಲೆಕ್ಕಕ್ಕೆ ಒಪ್ಪುವುದಿಲ್ಲ. 1984ರಲ್ಲಿ ಕೈಗರ್ ಎಂಬ ಸಂಶೋಧಕನು 64 ಆಯ್ಕೆಗಳನ್ನು ಬೇರೆ ಬೇರೆ ಬಗೆಯಲ್ಲಿ ವಿಂಗಡಿಸಿ ಪರೀಕ್ಷಿಸಿದಾಗ, ಎರಡೆರಡರ ಆರು ಮೆಟ್ಟಿಲಿನ ಪಟ್ಟಿಯಲ್ಲಿಯೇ ಜನ ಹೆಚ್ಚು ತಡವರಿಸಿದರು. ಮೆಟ್ಟಿಲಿಗೊಮ್ಮೆ ತೀರ್ಮಾನ ಮಾಡಬೇಕು. ಒಂದರಲ್ಲಿ ತಪ್ಪಿದರೂ ಗುರಿ ತಪ್ಪುತ್ತದೆ. ಆದುದರಿಂದ ಮಿತವಾದ ಅಗಲ, ಅತ್ಯಲ್ಪವಾದ ಆಳ ಇವೇ ಒಳ್ಳೆಯ ಪಟ್ಟಿಯ ಲಕ್ಷಣ.

ಈ ತತ್ತ್ವಗಳನ್ನು ಸಮರ್ಥವಾಗಿ ಅಳವಡಿಸಿಕೊಂಡ ಯಂತ್ರವೊಂದನ್ನು ಶಿಕಾರಿಪುರ, ಸೊರಬಗಳ ಜನ ಮುಟ್ಟಿ ಬಲ್ಲರು. ಅದು ವಿದ್ಯುನ್ಮಾನ ಮತಯಂತ್ರ. 1951-52ರ ಮೊದಲನೆಯ ಮಹಾಚುನಾವಣೆಯ ಕಾಲಕ್ಕೆ ದೇಶದ ಬಹುಪಾಲು ಮತದಾರರು ಅನಕ್ಷರಸ್ಥರು. ಅವರಿಗಾಗಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕವಾದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ತಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಒಂದು ಆಯ್ಕೆಗೆ ಒಂದು ಸ್ಥಾನವೆಂಬ ಆ ಸರಳತೆಯೇ ಮುಂದೆ ಮತಯಂತ್ರಕ್ಕೂ ಬಂದಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಗಳು ಇದನ್ನು ತಯಾರಿಸುತ್ತವೆ. 1982ರಲ್ಲಿ ಕೇರಳದ ಪರೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಮೊದಲು ಬಳಕೆಯಾದ ಈ ಯಂತ್ರ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ 543 ಕ್ಷೇತ್ರಗಳನ್ನೂ ಮುಟ್ಟಿತು.

ಅದರ ರಚನೆ ಗಮನಿಸತಕ್ಕದ್ದು. ಒಂದು ಮತಪೆಟ್ಟಿಗೆಯಲ್ಲಿ ಹದಿನಾರು ಸಾಲುಗಳು. ಪ್ರತಿ ಸಾಲಿನಲ್ಲಿ ಹೆಸರು, ಚಿಹ್ನೆ, ಪಕ್ಕದಲ್ಲಿಯೇ ನೀಲಿ ಗುಂಡಿ. ಅಡಗಿದ ಮೆನುವಿಲ್ಲ, ಒಳಗಿನ ಮೆಟ್ಟಿಲುಗಳಿಲ್ಲ. ಗುಂಡಿಯನ್ನು ಒತ್ತಿದೊಡನೆ ಕೆಂಪು ದೀಪ ಬೆಳಗುತ್ತದೆ, ದೀರ್ಘವಾದ ಸದ್ದು ಕೇಳಿಸುತ್ತದೆ. ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ಉತ್ತರ ದೊರೆಯುತ್ತದೆ. ಗಾಬರಿಯಿಂದ ಮತ್ತೊಮ್ಮೆ ಒತ್ತಿದರೆ ಎರಡನೆಯ ಮತ ಬೀಳುವುದಿಲ್ಲ. ಅಧಿಕಾರಿಯು ತನ್ನ ಘಟಕದಿಂದ ಮತ್ತೆ ಅನುಮತಿಸುವವರೆಗೆ ಯಂತ್ರವು ಸುಮ್ಮನಿರುತ್ತದೆ. ಅಂಧ ಮತದಾರರಿಗಾಗಿ ಬ್ರೈಲ್ ಗುರುತುಗಳೂ ಉಂಟು. ಓದು ಬಾರದ ಮುದುಕಿಯೂ ಪಂಡಿತನೂ ಒಂದೇ ಗುಂಡಿಯ ಮುಂದೆ ಸಮಾನರಾಗಿ ನಿಲ್ಲುತ್ತಾರೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಮತವನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮನೆಯ ಯಂತ್ರದಲ್ಲಿಯಾದರೋ ಇಟ್ಟ ಪ್ರತಿ ಹೆಜ್ಜೆಯನ್ನೂ ಹಿಂದೆಗೆಯುವಂತಿರಬೇಕು.

ಅಜ್ಜಿಯ ಮೊಮ್ಮಗ ಮತ್ತೆ ಕೆಲಸಕ್ಕೆ ಕುಳಿತನು. ಮೊದಲು ರಿಮೋಟ್‌ಗಳನ್ನು ಒಂದಕ್ಕೆ ಇಳಿಸಿದನು. ಈಗಿನ ಟಿ.ವಿ.ಗಳನ್ನೂ ಪೆಟ್ಟಿಗೆಗಳನ್ನೂ ಜೋಡಿಸುವ ಎಚ್‌ಡಿಎಂಐ ತಂತಿಯ ಮೂಲಕ ಒಂದು ಯಂತ್ರವು ಇನ್ನೊಂದನ್ನು ಎಚ್ಚರಿಸಬಲ್ಲುದು; ಒಂದನ್ನು ಹೊತ್ತಿಸಿದರೆ ಉಳಿದವು ತಾವಾಗಿಯೇ ಹೊತ್ತಿಕೊಳ್ಳುವಂತೆ ಮಾಡಬಹುದು. ಒಂಬತ್ತು ಗುಂಡಿಗಳ ರಿಮೋಟ್ ಒಂದನ್ನು ಅವನು ಆರಿಸಿದನು: ನಾಲ್ಕು ಬಾಣಗಳು, ನಡುವೆ ಒಪ್ಪಿಗೆಯ ಗುಂಡಿ, ಹಿಂದಕ್ಕೆ ಹೋಗುವ ಗುಂಡಿ, ಧ್ವನಿಗೆ ಎರಡು, ಹೊತ್ತಿಸಿ ಆರಿಸಲು ಒಂದು. ಬಳಿಕ ಮೆನುವಿನಲ್ಲಿ ಹದಿನಾಲ್ಕು ಬಾಬುಗಳನ್ನು ಕನ್ನಡದಲ್ಲಿ ಬರೆದಿಟ್ಟು, ತುಂಬ ಸರಳವಾಯಿತೆಂದು ಹಿಗ್ಗಿದನು.

ಆ ಭಾನುವಾರ ಅವನು ಏನನ್ನೂ ಹೇಳಿಕೊಡದೆ, ಕೈಕಟ್ಟಿ ಕುಳಿತು ಅಜ್ಜಿಯನ್ನು ನೋಡಿದನು. ಅವನ ವಿದ್ಯಾಭ್ಯಾಸದಲ್ಲಿ ಅದೇ ಒಂದು ದೊಡ್ಡ ಪಾಠವಾಯಿತು. 'ಮಾಧ್ಯಮ ಸಂಗ್ರಹ' ಎಂಬ ಬಾಬನ್ನು ಓದಿದ ಅಜ್ಜಿ, "ಇದೇನು ಮಗಾ, ಉಗ್ರಾಣವೇ?" ಎಂದು ಕೇಳಿದಳು. ಮೊಮ್ಮಗ ಅದನ್ನು ಅಳಿಸಿ 'ಹಾಡು' ಎಂದು ಬರೆದನು. ಬಾಣದ ಗುಂಡಿಯನ್ನು ಒತ್ತಿದಾಗ ಪರದೆ ತಡವಾಗಿ ಸರಿಯುತ್ತಿತ್ತು. ಒತ್ತಿದ್ದು ತಗುಲಲಿಲ್ಲವೆಂದು ಆಕೆ ಮತ್ತೆ ಒತ್ತುತ್ತಿದ್ದಳು. ಗುರುತು ಎರಡು ಸಾಲು ಹಾರಿಹೋಗುತ್ತಿತ್ತು. ಹತ್ತನೆಯ ಒಂದು ಸೆಕೆಂಡಿನೊಳಗೆ ದೊರೆತ ಉತ್ತರವನ್ನು ಮಾತ್ರ ಮನುಷ್ಯನು 'ತಕ್ಷಣ' ಎಂದು ಭಾವಿಸುತ್ತಾನೆ. ಅವನು ಪರದೆಯ ಅಲಂಕಾರಗಳನ್ನು ಕಿತ್ತುಹಾಕಿ ವೇಗವನ್ನು ಹೆಚ್ಚಿಸಿದನು. ಆರಿಸಿದ ಸಾಲಿಗೂ ಉಳಿದ ಸಾಲುಗಳಿಗೂ ಬಣ್ಣದಲ್ಲಿ ಮಾತ್ರ ಅಲ್ಪ ವ್ಯತ್ಯಾಸವಿದ್ದುದು ಆಕೆಯ ಕಣ್ಣಿಗೆ ಕಾಣುತ್ತಿರಲಿಲ್ಲ. ಆ ಸಾಲನ್ನು ದೊಡ್ಡದಾಗಿಸಿ ಸುತ್ತಲೂ ದಪ್ಪ ಚೌಕಟ್ಟು ಹಾಕಿದನು.

ಹದಿನಾಲ್ಕು ಬಾಬುಗಳಲ್ಲಿ ಆಕೆಗೆ ಬೇಕಾದುವು ನಾಲ್ಕೇ: ಹಾಡು, ಯಕ್ಷಗಾನ, ಸಿನಿಮಾ, ಟಿ.ವಿ. ಉಳಿದ ಹತ್ತು ಅವನಿಗೆ ಬೇಕಾದುವು. ಕೋಡಿಯಂಥ ತಂತ್ರಾಂಶದಲ್ಲಿ ಬೇಡದ ಬಾಬುಗಳನ್ನು ಮರೆಮಾಡಬಹುದು, ಗುಂಡಿಗಳ ಅರ್ಥವನ್ನೂ ಬದಲಿಸಬಹುದು. ಆ ಹತ್ತನ್ನೂ ಅವನು ಒಳಗೆ ಅಡಗಿಸಿದನು. ಅಳಿಸುವ ಬಾಬನ್ನಂತೂ ಆಕೆಯ ಕೈಗೆ ಸಿಗದಂತೆ ತೆಗೆದನು. 'ಹಿಂದಕ್ಕೆ' ಎಂಬ ಗುಂಡಿಯನ್ನು ಒತ್ತುತ್ತ ಹೋದರೆ, ಎಲ್ಲಿದ್ದರೂ ಕೊನೆಗೆ ನಾಲ್ಕು ಬಾಬುಗಳ ಮೊದಲ ಪುಟವೇ ಬರುವಂತೆ ಮಾಡಿದನು. ದಾರಿ ತಪ್ಪಿದವರಿಗೆ ಮನೆ ಸೇರುವ ದಾರಿಯೊಂದು ತಿಳಿದಿದ್ದರೆ ಹೊಸ ಬೀದಿಯಲ್ಲಿ ಕಾಲಿಡಲು ಭಯವಿರುವುದಿಲ್ಲ.

ಒಂದು ತೊಡಕು ಉಳಿಯಿತು. ಹಾಡುಗಳು ಬಹಳವಾದಾಗ ಹೆಸರಿನ ಮೊದಲಕ್ಷರದಿಂದ ಹುಡುಕಬೇಕಲ್ಲವೆ? ಪರದೆಯ ಮೇಲೆ ಅಕ್ಷರಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ 'ಕ'ದಿಂದ 'ಮ'ಕ್ಕೆ ಹೋಗಲು 24 ಸಲ ಒತ್ತಬೇಕು. ಇದಕ್ಕೆ ಪರಿಹಾರವು ಒಂದನೆಯ ತರಗತಿಯ ಪಾಠದಲ್ಲಿಯೇ ಇತ್ತು. ವರ್ಗೀಯ ವ್ಯಂಜನಗಳು ಐದು ಸಾಲು, ಐದು ಕಂಬಗಳಾಗಿ ಜೋಡಣೆಗೊಂಡಿವೆ. ಹಾಗೆಯೇ ಇಟ್ಟರೆ ನಾಲ್ಕು ಸಲ ಬಲಕ್ಕೆ, ನಾಲ್ಕು ಸಲ ಕೆಳಕ್ಕೆ, ಒಟ್ಟು ಎಂಟು. ಅಂಚನ್ನು ದಾಟಿದರೆ ಎದುರು ಅಂಚಿಗೆ ಬರುವಂತೆ ಮಾಡಿದರೆ, 'ಕ'ದಿಂದ ಎಡಕ್ಕೆ ಸರಿದಾಗ 'ಙ', ಅಲ್ಲಿಂದ ಮೇಲಕ್ಕೆ ಸರಿದಾಗ 'ಮ', ಎರಡೇ ಒತ್ತು! ಹೊಸ ಯಂತ್ರದ ಮುಂದೆ ಅಜ್ಜಿಗೆ ತನ್ನ ಬಾಲ್ಯದ ಕಾಗುಣಿತದ ಗೋಡೆಯೇ ಕಂಡಂತಾಯಿತು. ಅಕ್ಷರ ಎಲ್ಲಿರುತ್ತದೆಂದು ಆಕೆಗೆ ಯಾರೂ ಹೇಳಬೇಕಾಗಲಿಲ್ಲ.

ಶಿಕಾರಿಪುರ, ಸೊರಬಗಳು ಕೆರೆಗಳ ನಾಡು. ಕೆರೆಗೆ ನೀರು ಬರುವ ಹಳ್ಳಗಳು ಹಲವು, ನೀರು ಹರಿಯುವ ಕಾಲುವೆಗಳು ಹಲವು. ಏರಿಯ ಒಳಗೆ ಕಲ್ಲು ಮಣ್ಣುಗಳ ಲೆಕ್ಕಾಚಾರ ಬಹಳ. ಆದರೆ ನೀರನ್ನು ಬಿಡುವವನ ಕೈಗೆ ಸಿಗುವುದು ಒಂದು ತೂಬು. ಕಟ್ಟಿದವನು ಕಷ್ಟವನ್ನು ತಾನು ಹೊತ್ತು, ಬಳಸುವವನಿಗೆ ಸುಲಭವನ್ನು ಬಿಟ್ಟುಹೋಗಿದ್ದಾನೆ. ತಂತ್ರಾಂಶವನ್ನು ರೂಪಿಸುವವರು ಕಲಿಯಬೇಕಾದುದೂ ಇದನ್ನೇ. ಸರಳತೆಯೆಂದರೆ ಕೆಲಸವನ್ನು ಕಡಿಮೆ ಮಾಡುವುದಲ್ಲ. ಬಳಸುವವರ ಪಾಲಿನ ಕೆಲಸವನ್ನು ಮಾಡುವವರು ತಮ್ಮ ಮೇಲೆ ತೆಗೆದುಕೊಳ್ಳುವುದು.

ಮುಂದಿನ ಬುಧವಾರ ರಾತ್ರಿ ಶಿಕಾರಿಪುರದ ಕೋಣೆಯಲ್ಲಿ ಮೊಮ್ಮಗನ ದೂರವಾಣಿ ಮೊಳಗಿತು. ಅಜ್ಜಿಯ ದನಿ ಕೇಳಿ, ಯಂತ್ರ ಮತ್ತೆ ನಿಂತಿತೇನೋ ಎಂದು ಅವನಿಗೆ ಅಳುಕು. "ಏನಾಯ್ತು ಅಜ್ಜಿ?" ಎಂದನು. "ಏನೂ ಆಗಿಲ್ಲ ಮಗಾ, ಯಕ್ಷಗಾನ ನೋಡ್ತಾ ಇದ್ದೆ. ಪಕ್ಕದ ಮನೆಯವರೂ ಬಂದಿದಾರೆ. ಹೇಗೆ ಹಾಕೋದು ಅಂತ ಅವರಿಗೆ ನಾನೇ ಹೇಳಿಕೊಟ್ಟೆ" ಎಂದಳು ಅಜ್ಜಿ. ಹಿನ್ನೆಲೆಯಲ್ಲಿ ಚೆಂಡೆಯ ಸದ್ದು ಕೇಳಿಸುತ್ತಿತ್ತು.

ಅಭ್ಯಾಸ

ಅ. ಪದಗಳ ಅರ್ಥ
ಪರಾಧೀನ – ಇತರರಿಗೆ ಅಧೀನವಾದ
ಶ್ರವಣಾತೀತ – ಕಿವಿಗೆ ಕೇಳಿಸದ
ಬಾಬು – ಪಟ್ಟಿಯಲ್ಲಿನ ಒಂದು ಅಂಶ
ಉಗ್ರಾಣ – ದಿನಸಿಯನ್ನು ಶೇಖರಿಸುವ ಕೋಣೆ
ತೂಬು – ಕೆರೆಯಿಂದ ನೀರನ್ನು ಹೊರಬಿಡುವ ದ್ವಾರ
ಗುಡಿಸು – 'ಇ'ಕಾರದ ಚಿಹ್ನೆ

ಆ. ಒಂದು ವಾಕ್ಯದಲ್ಲಿ ಉತ್ತರಿಸಿ
1. ಅಜ್ಜಿಯು ಗೋಡೆಯ ಸ್ವಿಚ್ಚನ್ನು ಆರಿಸಿದುದೇಕೆ?
2. 1955ರಲ್ಲಿ ರಚಿತವಾದ ನಿಯಂತ್ರಕದ ದೋಷವೇನು?
3. ಮತಯಂತ್ರದ ಗುಂಡಿಯನ್ನು ಒತ್ತಿದಾಗ ದೊರೆಯುವ ಎರಡು ಉತ್ತರಗಳಾವುವು?

ಇ. ಮೂರು-ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ
1. ಹಳೆಯ ರೇಡಿಯೋದಲ್ಲಿದ್ದ ಸರಳತೆಯ ಗುಣಗಳನ್ನು ವಿವರಿಸಿ.
2. ಒತ್ತುಗಳು ಕಡಿಮೆಯಿದ್ದರೂ ಆರು ಮೆಟ್ಟಿಲಿನ ಪಟ್ಟಿಯು ಉತ್ತಮವಲ್ಲವೇಕೆ?
3. ವರ್ಣಮಾಲೆಯ ಜೋಡಣೆಯು ಮೊಮ್ಮಗನಿಗೆ ಹೇಗೆ ನೆರವಾಯಿತು?

ಈ. ಸಂದರ್ಭದೊಡನೆ ವಿವರಿಸಿ
1. "ಇದೇನು ಮಗಾ, ಉಗ್ರಾಣವೇ?"
2. "ಹೇಗೆ ಹಾಕೋದು ಅಂತ ಅವರಿಗೆ ನಾನೇ ಹೇಳಿಕೊಟ್ಟೆ."

ಉ. ಚಟುವಟಿಕೆ
ನಿಮ್ಮ ಮನೆಯ ರಿಮೋಟಿನ ಗುಂಡಿಗಳನ್ನು ಎಣಿಸಿರಿ. ಮನೆಯ ಹಿರಿಯರು ಅವುಗಳಲ್ಲಿ ಎಷ್ಟನ್ನು ಬಳಸುತ್ತಾರೆಂದು ಒಂದು ವಾರ ಗಮನಿಸಿ ಬರೆಯಿರಿ.